ಭಯ-ಭಕ್ತಿ

(ಹಳಿಯಾಳದಲ್ಲಿ ಶಿಕ್ಷಕರೂ ನಾಗರಿಕರೂ ನೆರೆದ ಸಭೆಯ ಮುಂದೆ ಮಾಡಿದ ಭಾಷಣ)



ನಮ್ಮ ಕನ್ನಡ ನುಡಿಯೊಳಗೆ ಕೆಲವು ಶಬ್ದಗಳು ಜೋಡಿಯಾಗಿಯೇ ಬಾಳುತ್ತಿರುವವು. ಅವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಕಿವಿಗೆ ಏನೋ ಕೊರತೆಯೆನಿಸುವದು. 'ಭಯ-ಭಕ್ತಿ' ಎಂಬುದು ಅಂಥ ಒಂದು ಜೋಡಿ. ಊರಲ್ಲಿ ಒಬ್ಬ ಗೃಹಸ್ಥನ ನಡತೆಯನ್ನು ಮೆಚ್ಚಿ ಮಾತಾಡಬೇಕಾದರೆ 'ಅವನಲ್ಲಿ ಭಯ-ಭಕ್ತಿ ಉಂಟು' ಎನ್ನುವರು. ಹಳಿಯಬೇಕಾದರೆ 'ಭಯವಿಲ್ಲ, ಭಕ್ತಿಯಿಲ್ಲ' ಎನ್ನುವರು. ಈ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಕೇಳಿ ಕೇಳಿ ಅದರ ಅರ್ಥವನ್ನು ವಿಚಾರಿಸುವದನ್ನೇ ಬಿಟ್ಟಿದ್ದೇವೆ. ವಿಚಾರಿಸಿ ನೋಡಿದರೆ ಇದೊಂದು ತೊಡಕಿನ ಜೋಡಿಯೇ ಸರಿ. ಭಕ್ತಿಯೆಂದರೆ ಪ್ರೀತಿಯು. ಯಾವನಿಗೆ ಹೆದರುವೆವೋ ಅವನನ್ನು ಪ್ರೀತಿಸುವದು ಹೇಗೆ? ಯಾವನನ್ನು ಪ್ರೀತಿಸುವೆವೋ ಅವನಿಗೆ ಹೆದರುವದು ಏತಕ್ಕೆ? ದೇವರು ಕರುಣಾಸಾಗರನೆಂದು ಬೆಳಿಗ್ಗೆ ಹಾಡಿ, ಸಾಯಂಕಾಲಕ್ಕೆ 'ದೇವರು ನೋಡುತ್ತಾನೆ, ಜೋಕೆ!' ಎಂದು ಮಕ್ಕಳನ್ನು ಗದರಿಸುವ ನಾವು, ಈ ಎರಡು ಮಾತುಗಳನ್ನೂ ಒಂದೇ ಬಾಯಿಂದ ಆಡುವ ಬಗೆಯಾವದು? ಇದೇ ಇಂದು ನಾವು ತಮ್ಮ ಮುಂದಿಡುವ ವಿಷಯವು.

ಮೊದಲು ನುಡಿಯನ್ನೇ ಸ್ವಲ್ಪ ಪರೀಕ್ಷಿಸೋಣ. ಹೆದರಿಕೆ, ದಿಗಿಲು, ಅಳುಕು, ಅಂಜಿಕೆ ಎಂದು ಕನ್ನಡದಲ್ಲಿ ಭಯಕ್ಕೆ ಹಲವು ಹೆಸರುಗಳಿವೆ. ಇವೆಲ್ಲ ಒಂದೇ ಅಲ್ಲ. ಹುಚ್ಚುನಾಯಿಗೆ ನಾವು ಹೆದರುವೆವು. 'ಹಿರಿಯರಿಗೆ ಅಂಜಿ ನಡೆ' ಎಂದು ಹೇಳುವಾಗ ಮಾತ್ರ ಆ ಅಂಜಿಕೆಯ ಬೆನ್ನಿಗೆ 'ನಡೆ' ಎಂಬ ಕ್ರಿಯಾಪದವನ್ನು ಹಚ್ಚುವೆವು. ಹೆದರಿದವನು ಓಡಿಹೋಗುವನು; ಅಂಜಿದವನು ಓಡುವದಿಲ್ಲ, ಆ ಹಿರಿಯರ ಎದುರಿಗೇ ನಡೆಯುವನು, ಆದರೆ ಹೆಜ್ಜೆಯನ್ನು ನೋಡಿ ಇಡುವನು. ನಮ್ಮ ಹಳ್ಳಿಯ ಒಕ್ಕಲಿಗನು ಯಾವ ಶಾಸ್ತ್ರವನ್ನೂ ಓದದೆ ಈ ಭೇದವನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದಾನೆ.

ಇನ್ನು ನಾವು ಕುಳಿತಿರುವ ಈ ಸೀಮೆಯನ್ನು ನೋಡಿರಿ. ಹಳಿಯಾಳ, ದಾಂಡೇಲಿ, ಜೋಯಡಾ, ಮುಂಡಗೋಡ ಇವು ಅಡವಿಯ ಸೀಮೆಗಳು. ಬಯಲುಸೀಮೆಯವರಿಗೆ ಭಯವು ಪುರಾಣದ ಮಾತಾದೀತು. ಇಲ್ಲಿಯವರಿಗೆ ಅದು ನೆರೆಮನೆಯ ಸಂಗತಿ. ಹುಲಿ, ಕರಡಿ, ಮಳೆಗಾಲದ ಹೊಳೆ, ಚಳಿಜ್ವರ ಇವುಗಳ ನಡುವೆ ಬಾಳಿದ ಜನರು ಇವರು. ಘಟ್ಟದ ಈ ಭಾಗದಲ್ಲಿ ಹುಲಿದೇವರ ಕಲ್ಲಿಗೆ ಕಾಯಿ ಒಡೆಯುವ ವಾಡಿಕೆಯು ಹಳೆಯದು. ದಾಂಡೇಲಿ ಹಾಗೂ ಅಣಶಿಯ ಅಡವಿಯನ್ನು ಸರಕಾರವು ೨೦೦೭ರಲ್ಲಿ ಹುಲಿಗಳ ರಕ್ಷಿತ ಪ್ರದೇಶವೆಂದು ಸಾರಿ, ೨೦೧೫ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನಿಟ್ಟಿತು. ಕಾಯದೆಯು ಹುಲಿಯನ್ನು ಕಾಯುವದಕ್ಕೆ ಎಷ್ಟೋ ಮೊದಲು ಇಲ್ಲಿಯ ಜನರು ಅದನ್ನು ದೇವರೆಂದು ಕರೆದಿದ್ದರು. ದಾಂಡೇಲಿಯ ಹತ್ತಿರದ ಕವಳೆಯ ಗವಿಯನ್ನು ನೋಡಿದವರು ತಮ್ಮಲ್ಲಿ ಅನೇಕರಿರಬಹುದು. ಸುಣ್ಣದ ನೀರು ಹನಿಹನಿಯಾಗಿ ಸುರಿದು ತಾನೇ ತಾನಾಗಿ ಬೆಳೆದ ಲಿಂಗವದು. ಶಿವರಾತ್ರಿಯಲ್ಲಿ ಜನರು ಕತ್ತಲೆಯೊಳಗೆ ಬಗ್ಗಿ ತೆವಳಿ ಅಲ್ಲಿಗೆ ಹೋಗುವರು. ಎದೆಯು ಡವಗುಟ್ಟದೆ ಆ ಲಿಂಗವನ್ನು ಮುಟ್ಟಿದವರು ಯಾರೂ ಇರಲಾರರು.

ಇದನ್ನು ಕಂಡೇ ಕೆಲವು ಪಂಡಿತರು 'ದೇವರನ್ನು ಹುಟ್ಟಿಸಿದ್ದು ಭಯವೇ' ಎಂದು ಹೇಳಿರುವರು. ರೋಮದ ಕವಿಗಳ ಕಾಲದಿಂದಲೂ ಈ ಮಾತು ನಡೆದುಬಂದಿದೆ. ಡೇವಿಡ್ ಹ್ಯೂಮ್ ಎಂಬ ತತ್ತ್ವಜ್ಞನು ೧೭೫೭ರಲ್ಲಿ ಅದನ್ನು ವಿಸ್ತರಿಸಿ ಬರೆದನು. ಬರ್ಟ್ರಂಡ್ ರಸೆಲ್ಲನು ೧೯೨೭ರಲ್ಲಿ ಲಂಡನ್ನಿನ ತನ್ನ ಪ್ರಸಿದ್ಧ ಭಾಷಣದಲ್ಲಿ ಧರ್ಮದ ಬುಡವು ಭಯವೇ ಎಂದು ಕಡ್ಡಿ ಮುರಿದಂತೆ ಹೇಳಿದನು. ಇವರ ಮಾತನ್ನು ಸಿಟ್ಟಿನಿಂದ ತಳ್ಳಿಬಿಡುವದು ಉಚಿತವಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಇನ್ನರ್ಧವನ್ನು ಅವರು ಗವಿಯ ಹೊರಗೆ ನಿಂತು ನೋಡಿದವರಾದಕಾರಣ ಕಾಣಲಿಲ್ಲ. ಕವಳೆಯ ಗವಿಯೊಳಗಿನ ಮನುಷ್ಯನು ಕೇವಲ ಹೆದರಿದ್ದರೆ ಹಿಂದಿರುಗಿ ಓಡುತ್ತಿದ್ದನು. ಅವನು ನಡುಗುತ್ತಲೇ ಮುಂದಕ್ಕೆ ತೆವಳುವನು; ಮರುವರುಷ ಹೆಂಡಿರು ಮಕ್ಕಳನ್ನೂ ಕರೆದುಕೊಂಡು ಬರುವನು. ರುಡಾಲ್ಫ್ ಆಟ್ಟೋ ಎಂಬ ಜರ್ಮನ್ ಪಂಡಿತನು ೧೯೧೭ರಲ್ಲಿ ಪವಿತ್ರತೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಹಿಡಿದು ತೋರಿಸಿದನು: ದೈವದ ಮುಂದೆ ಮನುಷ್ಯನಿಗೆ ನಡುಕವೂ ಸೆಳೆತವೂ ಒಂದೇ ಕಾಲಕ್ಕೆ ಉಂಟಾಗುವವು, ಇವೆರಡನ್ನೂ ಬೇರ್ಪಡಿಸಲು ಬಾರದು ಎಂದು. ಹಿಂದೂಸ್ಥಾನದಲ್ಲಿ ಸಂಚರಿಸಿದ್ದ ಆ ಪಂಡಿತನು ಇದಕ್ಕೆ ಕೊಟ್ಟ ದೊಡ್ಡ ಉದಾಹರಣೆಗಳಲ್ಲಿ ನಮ್ಮ ಗೀತೆಯ ಹನ್ನೊಂದನೆಯ ಅಧ್ಯಾಯವೂ ಒಂದು.

ಆ ಅಧ್ಯಾಯವನ್ನು ತಾವೆಲ್ಲರೂ ಬಲ್ಲಿರಿ. ಅರ್ಜುನನು ತಾನೇ ಕೇಳಿಕೊಂಡು ವಿಶ್ವರೂಪವನ್ನು ನೋಡಿದನು. ನೋಡಿ ಗಡಗಡ ನಡುಗಿದನು. ಅನಂತರ ಅವನು ಆಡಿದ ಮಾತನ್ನು ಮಾತ್ರ ನಾವು ಸಾಮಾನ್ಯವಾಗಿ ಓದಿ ಮುಂದಕ್ಕೆ ಸಾಗಿಬಿಡುವೆವು. 'ನನ್ನನ್ನು ಕೊಲ್ಲಬೇಡ' ಎಂದು ಅವನು ಬೇಡಿಕೊಳ್ಳಲಿಲ್ಲ. ಊಟಕ್ಕೆ ಕುಳಿತಾಗ, ಮಲಗಿದಾಗ, ವಿನೋದದಲ್ಲಿ ನಿನ್ನನ್ನು ಗೆಳೆಯನೆಂದು, ಯಾದವನೆಂದು ಹಗುರಾಗಿ ಕರೆದೆನಲ್ಲಾ, ಅದನ್ನು ಕ್ಷಮಿಸು ಎಂದು ಬೇಡಿದನು. ಎಷ್ಟು ದೊಡ್ಡವನನ್ನು ತಾನು ಎಷ್ಟು ಚಿಕ್ಕವನೆಂದು ಬಗೆದಿದ್ದೆನೆಂಬ ಅರಿವೇ ಅವನನ್ನು ನಡುಗಿಸಿದ್ದು. ಈ ಭಯದಲ್ಲಿ ಪೆಟ್ಟಿನ ಅಂಜಿಕೆಯಿಲ್ಲ, ಅಳತೆಯ ಅರಿವು ಇದೆ. ಪರ್ವತದ ಬುಡಕ್ಕೆ ನಿಂತವನಿಗೆ ತನ್ನ ಎತ್ತರವು ತಿಳಿಯುವಂತೆ.

ನಮ್ಮ ನಾಡಿನವರೇ ಆದ ಮಧ್ವಾಚಾರ್ಯರು ಭಕ್ತಿಯ ಲಕ್ಷಣವನ್ನು ಹೇಳುವಾಗ ಇದೇ ಕ್ರಮವನ್ನು ಇಟ್ಟಿದ್ದಾರೆ. ಭಗವಂತನ ಮಹಿಮೆಯ ಜ್ಞಾನವು ಮುಂಚೆ, ಎಲ್ಲಕ್ಕೂ ಮಿಗಿಲಾದ ದೃಢವಾದ ಸ್ನೇಹವು ಆಮೇಲೆ, ಇವೆರಡೂ ಕೂಡಿದ್ದು ಭಕ್ತಿ ಎಂಬುದು ಅವರ ಅಭಿಪ್ರಾಯವು. ಮಹಿಮೆಯನ್ನು ತಿಳಿಯದ ಸ್ನೇಹವು ಸಲಿಗೆಯಾಗುವದು. ಸ್ನೇಹವಿಲ್ಲದ ಮಹಿಮಾಜ್ಞಾನವು ಬರಿಯ ನಡುಕವಾಗುವದು. 'ಭಯ-ಭಕ್ತಿ' ಎಂಬ ನಮ್ಮ ಜೋಡಿಯಲ್ಲಿಯೂ ಭಯವೇ ಮುಂದೆ ನಿಂತಿದೆ. ಇದು ಆಕಸ್ಮಿಕವೋ ಅಲ್ಲವೋ, ಪಂಡಿತರು ಹೇಳಲಿ.

ಉಪನಿಷತ್ತುಗಳಲ್ಲಿಯೂ ಎರಡೂ ಮಾತುಗಳು ಇವೆ. ತೈತ್ತಿರೀಯದಲ್ಲಿ ಗಾಳಿಯು ಬೀಸುವದೂ ಸೂರ್ಯನು ಮೂಡುವದೂ ಪರಬ್ರಹ್ಮನ ಭಯದಿಂದ ಎಂದು ಹೇಳಿದೆ. ಬೃಹದಾರಣ್ಯಕದಲ್ಲಿ ಎರಡನೆಯದು ಇದ್ದಲ್ಲಿಯೇ ಭಯ ಎಂದು ಹೇಳಿ, ಯಾಜ್ಞವಲ್ಕ್ಯರು ಜನಕನಿಗೆ 'ನೀನು ಅಭಯವನ್ನು ಪಡೆದಿ' ಎಂದು ಹರಸಿದ್ದಾರೆ. ಗೀತೆಯಲ್ಲಿ ದೈವೀಸಂಪತ್ತನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಬರುವ ಗುಣವೇ ಅಭಯ. ಹಾಗಾದರೆ ನಮ್ಮ ಶಾಸ್ತ್ರಗಳು ಭಯವನ್ನು ಕಲಿಸುವವೋ ಅಭಯವನ್ನೋ? ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಬಿಡಿಸುವದಕ್ಕಿಂತ ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಗತಿಯಿಂದ ಬಿಡಿಸುವದು ಸುಲಭವು.

ಮುಂಡಗೋಡದ ನೆರೆಯ ತಾಲೂಕಾದ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆಯು ಎರಡು ವರ್ಷಕ್ಕೊಮ್ಮೆ ಆಗುವದು. ಕಟ್ಟಿಗೆಯಲ್ಲಿ ಕೆತ್ತಿದ ಆ ದೊಡ್ಡ ಮೂರ್ತಿಯನ್ನು ನೋಡಲು ಘಟ್ಟದ ಮೇಲಿನವರೂ ಕೆಳಗಿನವರೂ ಕೂಡುವರು. ಹಿಂದಿನ ಕಾಲದಲ್ಲಿ ಜಾತ್ರೆಯಲ್ಲಿ ಕೋಣನ ಬಲಿಯು ನಡೆಯುತ್ತಿತ್ತು. ಬಲಿ ತಪ್ಪಿದರೆ ತಾಯಿ ಮುನಿಯುವಳು, ಸಿಡುಬು ಬೀಳುವದು, ಬೇನೆ ಹಬ್ಬುವದು, ದನಕರು ಸಾಯುವವು ಎಂಬ ಭಯವು ಜನರಲ್ಲಿ ಬೇರೂರಿದ್ದಿತು. ಆ ಕಾಲದ ಜನರನ್ನು ಮೂಢರೆಂದು ನಗುವದು ನಮಗೆ ಸಲ್ಲದು. ಸಿಡುಬು ಬಂದರೆ ಮನೆಮನೆಯ ಕೂಸುಗಳು ಸಾಯುತ್ತಿದ್ದ ದಿನಗಳವು. ಕೂಸನ್ನು ಕಳೆದುಕೊಂಡ ತಾಯಿಯ ಮುಂದೆ ತರ್ಕವು ನಿಲ್ಲಲಾರದು. ಹರಿಜನ ಸೇವೆಯ ಪ್ರವಾಸದಲ್ಲಿ ಗಾಂಧೀಜಿಯವರು ೧೯೩೪ರಲ್ಲಿ ಶಿರಸಿಗೆ ಬಂದರು. ಆ ಸುಮಾರಿನಲ್ಲಿಯೇ ಊರ ಹಿರಿಯರೂ ದೇವಸ್ಥಾನದವರೂ ಮನಸ್ಸು ಮಾಡಿ ಬಲಿಯನ್ನು ನಿಲ್ಲಿಸಿದರು. ಅಂದು ಎಷ್ಟು ಎದೆಗಳು ಹೊಡೆದುಕೊಂಡಿರಬೇಕೆಂಬುದನ್ನು ಊಹಿಸಿರಿ! ಮುಂದಿನ ಮಳೆಗಾಲದಲ್ಲಿ ಯಾರ ಮನೆಯಲ್ಲಿ ಜ್ವರ ಬಂದರೂ ಬೆರಳು ಆ ಹಿರಿಯರ ಕಡೆಗೇ ಹೊರಳುವಂತಿದ್ದಿತು. ತಾಯಿ ಮುನಿಯಲಿಲ್ಲ. ಜಾತ್ರೆಯು ಕುಗ್ಗಲೂ ಇಲ್ಲ. ಕರ್ನಾಟಕದ ಅತಿ ದೊಡ್ಡ ಜಾತ್ರೆಗಳಲ್ಲಿ ಅದು ಇಂದಿಗೂ ಒಂದು. ಸಿಡುಬನ್ನು ಕೊನೆಗೆ ಓಡಿಸಿದ್ದು ದೇವಿ ಹಾಕುವ ಸೂಜಿ. ೧೯೮೦ರಲ್ಲಿ ಜಗತ್ತಿನಿಂದಲೇ ಆ ರೋಗವು ಅಳಿಯಿತೆಂದು ಸಾರಿದರು. ಆ ಸೂಜಿಮದ್ದನ್ನೂ ನಮ್ಮ ಜನರು 'ದೇವಿ ಹಾಕುವದು' ಎಂದೇ ಕರೆದರೆಂಬುದನ್ನು ಮರೆಯಬಾರದು. ಭಯವು ಹೋದಮೇಲೂ ತಾಯಿಯ ಹೆಸರು ಉಳಿಯಿತು.

ಇದರಿಂದ ಏನು ತಿಳಿಯುವದು? ಬಲಿಯ ಭಯವೇ ಭಕ್ತಿಯ ಆಧಾರವಾಗಿದ್ದರೆ, ಬಲಿಯು ನಿಂತ ದಿನವೇ ಜಾತ್ರೆಯೂ ನಿಲ್ಲಬೇಕಾಗಿತ್ತು. ನಿಲ್ಲದ್ದರಿಂದ, ಭಕ್ತಿಯು ಬೇರೆ ಯಾವದೋ ನೆಲದಲ್ಲಿ ಬೇರು ಬಿಟ್ಟಿತ್ತೆಂದೇ ಹೇಳಬೇಕು. ಬಲಿಯ ಭಯವು ವ್ಯಾಪಾರದ ಭಯವು. ಕೊಟ್ಟರೆ ಕಾಯುವಳು, ಕೊಡದಿದ್ದರೆ ಕಾಡುವಳು ಎಂಬಲ್ಲಿ ದೇವಿಗೂ ಬಡ್ಡಿಯ ಸಾಹುಕಾರನಿಗೂ ಭೇದವೇನು ಉಳಿಯಿತು? ಅದು ದೇವಿಯನ್ನು ದೊಡ್ಡವಳೆಂದು ತಿಳಿದ ಭಯವಲ್ಲ. ನಮ್ಮಷ್ಟೇ ಚಿಕ್ಕವಳೆಂದು ತಿಳಿದ ಭಯವು. ಅರ್ಜುನನು ಕ್ಷಮೆ ಬೇಡಿದ್ದು ಇಂಥ ಅಳತೆಗೇಡಿತನಕ್ಕಾಗಿಯೇ. ಈ ವ್ಯಾಪಾರವು ಕೋಣನೊಂದಿಗೆ ಮುಗಿಯಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ತೂಕದಲ್ಲಿ ಮೋಸಮಾಡಿ ಹುಂಡಿಯಲ್ಲಿ ಪಾಲು ಹಾಕುವ ವರ್ತಕನೂ, ಲಂಚ ತಿಂದು ಸತ್ಯನಾರಾಯಣನ ಪೂಜೆ ಮಾಡಿಸುವ ನೌಕರನೂ ದೇವರಿಗೆ ಹೆದರುವವರೇ. ಹೆದರದಿದ್ದರೆ ಪಾಲು ಕೊಡುತ್ತಿದ್ದಿಲ್ಲ!

ಗಾಂಧೀಜಿಯವರು ತಮ್ಮ ಆಶ್ರಮದ ವ್ರತಗಳಲ್ಲಿ ಅಭಯವನ್ನೂ ಸೇರಿಸಿದ್ದರು. ಅವರ ಮಾತಿನ ಹುರುಳು ಇಷ್ಟು: ದೇವರಿಗೆ ಅಂಜುವವನು ಮನುಷ್ಯರಿಗೆ ಅಂಜಬೇಕಾಗಿಲ್ಲ. ಇದು ಬರಿಯ ಉಪದೇಶವಾಗಿ ಉಳಿಯಲಿಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ೧೯೩೦ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರೂ, ಅದರ ಬೆನ್ನಿಗೆ ಸಿದ್ದಾಪುರ, ಅಂಕೋಲೆ, ಶಿರಸಿಗಳಲ್ಲಿ ಕರ ಕೊಡಲೊಲ್ಲೆವೆಂದು ನಿಂತ ರೈತರೂ ಹೊಲ, ಮನೆ, ದನಗಳ ಜಪ್ತಿಯನ್ನು ಕಣ್ಣಾರೆ ಕಂಡರು. ಇವರಲ್ಲಿ ಬಹುಜನರು ಯಾವ ತತ್ತ್ವಗ್ರಂಥವನ್ನೂ ಓದಿದವರಲ್ಲ. ಕಟ್ಟಾ ಭಯ-ಭಕ್ತಿಯ ಜನರು. ಕೊಟ್ಟ ಮಾತಿಗೆ ತಪ್ಪಿದರೆ ದೇವರ ಮುಂದೆ ಹೇಗೆ ನಿಲ್ಲುವದೆಂಬ ಅಂಜಿಕೆಯೊಂದು ಗಟ್ಟಿಯಾಗಿದ್ದುದರಿಂದ ಕಲೆಕ್ಟರನ ಅಂಜಿಕೆಯು ಸಡಿಲವಾಯಿತು. ಒಂದು ಭಯವು ಉಳಿದ ಭಯಗಳನ್ನೆಲ್ಲ ತಿಂದುಹಾಕಿತು.

ಇಂಥದೇ ಒಂದು ಕಥೆಯನ್ನು ಜೋಯಡಾ ತಾಲೂಕಿನ ಉಳವಿಯು ಹೇಳುವದು. ಹನ್ನೆರಡನೆಯ ಶತಕದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾಗಿ ಕ್ರಾಂತಿಯೆದ್ದಾಗ, ಚನ್ನಬಸವಣ್ಣನವರು ಅಕ್ಕ ನಾಗಮ್ಮ ಮೊದಲಾದ ಶರಣರೊಡನೆ ಈ ದಟ್ಟಡವಿಗೆ ಬಂದು ನೆಲೆಸಿದರೆಂದು ಪರಂಪರೆಯು ಹೇಳುವದು. ಮಾಘಮಾಸದ ಭಾರತ ಹುಣ್ಣಿಮೆಯ ಕಾಲಕ್ಕೆ ಧಾರವಾಡ, ಬೆಳಗಾವಿಗಳ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಈ ಅಡವಿಯ ದಾರಿಯಿಂದಲೇ ಉಳವಿಯ ಜಾತ್ರೆಗೆ ಸಾಗುವದನ್ನು ಇಂದಿಗೂ ಕಾಣಬಹುದು. ಈಗ ಪ್ರಶ್ನೆಯೇನೆಂದರೆ, ಶರಣರು ಹೆದರಿ ಓಡಿಬಂದರೋ? ಮಾರಿ ಮಸಣಿಗಳ ಭಯವನ್ನು ಹೀಯಾಳಿಸಿದವರು, ಅಂಜಿಕೊಂಡು ಮಾಡುವ ಪೂಜೆಯು ಪೂಜೆಯೇ ಅಲ್ಲವೆಂದು ಸಾರಿದವರು, ಅರಸನ ಆಸ್ಥಾನದಲ್ಲಿಯೇ ಕುಲದ ಕಟ್ಟನ್ನು ಮುರಿದವರು ಇವರು. ಜೀವಕ್ಕೆ ಹೆದರುವವರಾಗಿದ್ದರೆ ಕಲ್ಯಾಣದಲ್ಲಿಯೇ ಬಾಯಿ ಮುಚ್ಚಿಕೊಂಡು ಇರಬಹುದಾಗಿತ್ತು. ವಚನಗಳ ಕಟ್ಟುಗಳನ್ನು ಬೆಂಕಿಯಿಂದ ಉಳಿಸಬೇಕೆಂದು ಅವರು ಹೊತ್ತು ತಂದರೆಂಬುದು ಭಕ್ತರ ನಂಬುಗೆ. ಈ ನಂಬುಗೆಯನ್ನು ಹಿಡಿದು ನೋಡಿದರೆ ಅವರಿಗೂ ಒಂದು ಭಯವಿತ್ತೆನ್ನಬೇಕು. ತಮಗೆ ಪ್ರಿಯವಾದದ್ದು ಎಲ್ಲಿ ತಮ್ಮ ಕೈಯಿಂದಲೇ ಹಾಳಾದೀತೋ ಎಂಬ ಭಯವು. ತಾಯಿಯು ತೊಟ್ಟಿಲ ಕೂಸಿಗೆ ಹೆದರುವದಿಲ್ಲ, ಕೂಸಿಗಾಗಿ ಹೆದರುವಳು.

ಕ್ರಿಸ್ತ ಪಂಡಿತರು ಈ ಭೇದವನ್ನು ಬಹು ನಿಚ್ಚಳವಾಗಿ ಮಾಡಿದ್ದಾರೆ. ಹದಿಮೂರನೆಯ ಶತಕದ ಥಾಮಸ್ ಅಕ್ವಿನಾಸನು ಆಳಿನ ಭಯ, ಮಗನ ಭಯ ಎಂದು ಎರಡು ಬಗೆಗಳನ್ನು ಹೇಳಿದನು. ಆಳು ಧಣಿಯ ಚಬಕಕ್ಕೆ ಅಂಜುವನು. ಧಣಿ ಕಣ್ಮರೆಯಾದೊಡನೆ ಅವನ ಅಂಜಿಕೆಯೂ ಮರೆಯಾಗುವದು. ಮಗನು ತಂದೆಯ ಮನಸ್ಸು ನೊಂದೀತೆಂದು ಅಂಜುವನು. ತಂದೆಯು ಪರಸ್ಥಳದಲ್ಲಿದ್ದರೂ, ಸತ್ತೇ ಹೋಗಿದ್ದರೂ ಆ ಅಂಜಿಕೆಯು ಬಿಡದು. ಪ್ರೀತಿಯು ಹೆಚ್ಚಿದಂತೆ ಮೊದಲನೆಯ ಭಯವು ಕುಗ್ಗುವದು, ಎರಡನೆಯದು ಬೆಳೆಯುವದು.

ಮುಸಲ್ಮಾನ ಬಂಧುಗಳಲ್ಲಿ 'ತಕ್ವಾ' ಎಂಬ ಶಬ್ದವುಂಟು. ದೇವಭೀತಿಯೆಂದು ಅದನ್ನು ಕನ್ನಡಿಸುವ ರೂಢಿಯಿದ್ದರೂ, ಅದರ ಮೂಲದಲ್ಲಿ ತನ್ನನ್ನು ಕಾಪಾಡಿಕೊಳ್ಳುವದು, ಎಚ್ಚರದಿಂದಿರುವದು ಎಂಬ ಅರ್ಥವಿದೆ. ಕುರಾನಿನಲ್ಲಿ ದೇವರಿಗೆ ನಿಜವಾಗಿ ಅಂಜುವವರು ಜ್ಞಾನಿಗಳೇ ಎಂಬ ಅಭಿಪ್ರಾಯವು ಬಂದಿದೆ. ಅಜ್ಞಾನಿಯ ಭಯವನ್ನು ಬಲ್ಲ ನಮಗೆ ಈ ಜ್ಞಾನಿಯ ಭಯವು ಹೊಸದಾಗಿ ತೋರಬಹುದು. ಬಸರೆಯ ರಾಬಿಯಾ ಎಂಬ ಎಂಟನೆಯ ಶತಕದ ಸಾಧ್ವಿಯು ಒಂದು ಕೈಯಲ್ಲಿ ಬೆಂಕಿಯನ್ನೂ ಇನ್ನೊಂದರಲ್ಲಿ ನೀರನ್ನೂ ಹಿಡಿದು ಓಡಿದಳಂತೆ. ಸ್ವರ್ಗವನ್ನು ಸುಟ್ಟು ನರಕವನ್ನು ಆರಿಸಿಬಿಡುವೆನು, ಆಮೇಲೆ ದೇವರನ್ನು ಯಾರು ಪೂಜಿಸುವರೋ ನೋಡೋಣ ಎಂಬುದು ಆಕೆಯ ಹಟವು.

ಈ ಮೂರು ಮತಗಳ ಮಾತನ್ನು ನಾವು ದೂರದಿಂದ ತರಲಿಲ್ಲ. ಹಳಿಯಾಳ, ಜೋಯಡಾ, ಮುಂಡಗೋಡ, ಯಲ್ಲಾಪುರಗಳ ಅಡವಿಯಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರಿಸ್ತರೂ ಉಂಟು. ಡಮಾಮಿಯ ಕುಣಿತವು ಎಲ್ಲರಿಗೂ ಒಂದೇ. ಇವರ ಪೂರ್ವಜರನ್ನು ಆಫ್ರಿಕೆಯಿಂದ ಗುಲಾಮರನ್ನಾಗಿ ತಂದರು. ಗೋವೆಯ ಪೋರ್ತುಗೀಜರ ಕೈಯಿಂದ ತಪ್ಪಿಸಿಕೊಂಡ ಅನೇಕರು ಘಟ್ಟವನ್ನೇರಿ ಈ ಕಾಡುಗಳನ್ನು ಹೊಕ್ಕರು. ಹುಲಿಯಿರುವ ಅಡವಿಯೇ ಧಣಿಯಿರುವ ಮನೆಗಿಂತ ಲೇಸೆಂದು ಅವರಿಗೆ ತೋರಿತಲ್ಲ! ಆಳಿನ ಭಯವೆಂದರೇನೆಂಬುದನ್ನು ಅಕ್ವಿನಾಸನ ಗ್ರಂಥಕ್ಕಿಂತ ಚೆನ್ನಾಗಿ ಬಲ್ಲವರು ಇವರು. ೨೦೦೩ರಲ್ಲಿ ಸರಕಾರವು ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಚಬಕದ ಧಣಿಯಂತೆ ದೇವರನ್ನು ಚಿತ್ರಿಸುವ ಉಪದೇಶಕನು, ಅವನು ಯಾವ ಮತದವನೇ ಆಗಿರಲಿ, ಇಂಥ ಜನರ ಮುಂದೆ ಬಾಯಿ ತೆರೆಯುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನು ಮುಂಡಗೋಡದ ಸಂಗತಿಯು ಇವೆಲ್ಲವುಗಳಿಗಿಂತ ವಿಚಾರಾರ್ಹವಾದುದು. ೧೯೫೯ರಲ್ಲಿ ದೇಶ ಬಿಟ್ಟುಬಂದ ತಿಬೇಟದ ಜನರಿಗೆ ೧೯೬೬ರಲ್ಲಿ ಅಲ್ಲಿ ನೆಲೆ ದೊರೆಯಿತು. ೧೪೦೯ರಲ್ಲಿ ಲ್ಹಾಸಾದ ಹತ್ತಿರ ಸ್ಥಾಪಿತವಾದ ಗಂದೆನ್ ಮಠವೂ ೧೪೧೬ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಮಠವೂ ಈಗ ನಮ್ಮ ಮುಂಡಗೋಡದ ಬಯಲಿನಲ್ಲಿ ಮತ್ತೆ ತಲೆಯೆತ್ತಿವೆ. ಅಲ್ಲಿ ಸಾವಿರಾರು ಭಿಕ್ಷುಗಳು ಅಧ್ಯಯನ ಮಾಡುತ್ತಿದ್ದಾರೆ. ಬೌದ್ಧರಲ್ಲಿ ಸೃಷ್ಟಿಕರ್ತನಾದ ದೇವರೇ ಇಲ್ಲ. ಶಿಕ್ಷಿಸುವ ದೇವರು ಇಲ್ಲದ ಮೇಲೆ ಭಯವೂ ಇರಲಿಕ್ಕಿಲ್ಲವೆಂದು ನಾವು ಭಾವಿಸುವದು ಸಹಜವು. ಆದರೆ ಗಂದೆನ್ ಮಠದ ಸ್ಥಾಪಕರಾದ ಚೋಂಖಾಪರು ೧೪೦೨ರಲ್ಲಿ ರಚಿಸಿದ ತಮ್ಮ ದೊಡ್ಡ ಗ್ರಂಥದಲ್ಲಿ ಬುದ್ಧನಿಗೆ ಶರಣು ಹೋಗುವದಕ್ಕೆ ಎರಡು ಕಾರಣಗಳನ್ನು ಹೇಳಿದ್ದಾರೆ: ಮೊದಲನೆಯದು ಭಯ, ಎರಡನೆಯದು ಶ್ರದ್ಧೆ! ಹಿಮಾಲಯದಾಚೆಯ ಆ ಆಚಾರ್ಯರಿಗೆ ಕನ್ನಡದ ನಮ್ಮ ಜೋಡಿ ಶಬ್ದವು ಗೊತ್ತಿರಲಿಲ್ಲ. ಆದರೂ ಅವರು ಅದನ್ನೇ, ಅದೇ ಕ್ರಮದಲ್ಲಿಯೇ ಹೇಳಿದ್ದಾರೆ. ಅವರ ಭಯವು ಬುದ್ಧನ ಭಯವಲ್ಲ. ತಾನು ಮಾಡಿದ ಕರ್ಮವು ತನ್ನನ್ನು ಎಲ್ಲಿಗೆ ಒಯ್ದೀತೋ ಎಂಬ ಭಯವು. ಬುದ್ಧನು ಆ ಭಯದಿಂದ ಪಾರುಮಾಡುವ ದಾರಿಗಾರನು.

ಬೌದ್ಧರಲ್ಲಿ ಇನ್ನೊಂದು ಜೋಡಿಯೂ ಉಂಟು. ಪಾಪ ಮಾಡಲು ತನಗೇ ಆಗುವ ನಾಚಿಕೆಯು ಒಂದು, ಅದರ ಫಲಕ್ಕೆ ಅಂಜುವದು ಇನ್ನೊಂದು. ಇವೆರಡೂ ಲೋಕವನ್ನು ಕಾಯುವ ಧರ್ಮಗಳೆಂದು ಬುದ್ಧನು ಹೇಳಿದನೆಂದು ಪಾಲಿ ಗ್ರಂಥಗಳಲ್ಲಿದೆ. ಇವು ಅಳಿದರೆ ತಾಯಿ, ಗುರುಪತ್ನಿ ಎಂಬ ಭೇದವೂ ಜನರಲ್ಲಿ ಉಳಿಯದೆಂಬುದು ಅಲ್ಲಿಯ ಅಭಿಪ್ರಾಯವು. ಮುಂಡಗೋಡದ ಮಠಗಳಲ್ಲಿ ಕೋರೆದಾಡೆಯ, ರುಂಡಮಾಲೆಯ ರಕ್ಷಕದೇವತೆಗಳ ಚಿತ್ರಗಳನ್ನು ನೋಡಿದಾಗ ನಮಗೆ ನಮ್ಮ ಭೈರವನೂ ಮಾರಿಕಾಂಬೆಯೂ ನೆನಪಾಗುವರು. ಆ ಉಗ್ರ ಮುಖವು ಭಕ್ತನ ಮೇಲಲ್ಲ, ಭಕ್ತನೊಳಗಿನ ವೈರಿಯ ಮೇಲೆ ಎಂದು ಅವರು ಅರ್ಥ ಹೇಳುವರು.

ಇಷ್ಟಾದ ಮೇಲೂ ಒಂದು ಆಕ್ಷೇಪವು ಉಳಿದೇ ಇದೆ. ಅದನ್ನು ಮರೆಮಾಚುವದು ಪ್ರಾಮಾಣಿಕತನವಲ್ಲ. ಆಳಿನ ಭಯವು ಕೀಳೆಂದು ನಾವು ಹೇಳಿದೆವು. ಆದರೆ ಆ ಕೀಳಾದ ಭಯವು ಎಷ್ಟೋ ಮೇಲಾದ ವಸ್ತುಗಳನ್ನು ಕಾದಿದೆಯಲ್ಲ! ಪಶ್ಚಿಮ ಘಟ್ಟದ ದೇವರಕಾಡುಗಳನ್ನೇ ನೋಡಿರಿ. ಅಲ್ಲಿ ಒಂದು ಟೊಂಗೆ ಕಡಿದರೆ ದೇವರು ಕಾಡುವನೆಂಬ ಭಯದಿಂದ ಜನರು ಶತಮಾನಗಳ ತನಕ ಕೊಡಲಿ ಹಾಕಲಿಲ್ಲ. ಮಾಧವ ಗಾಡಗೀಳರೂ ವರ್ತಕರೂ ೧೯೭೦ರ ದಶಕದಲ್ಲಿ ಇಂಥ ಬನಗಳನ್ನು ಪರೀಕ್ಷಿಸಿ, ಬೇರೆಡೆ ಅಳಿದ ಮರಬಳ್ಳಿಗಳು ಇವುಗಳಲ್ಲಿ ಉಳಿದಿರುವವೆಂದು ಬರೆದರು. ದಾಂಡೇಲಿಯಲ್ಲಿ ಕಾಗದದ ಗಿರಣಿಯು ೧೯೫೯ರಲ್ಲಿ ಕೆಲಸಕ್ಕೆ ತೊಡಗಿದ ಮೇಲೆ ಈ ಜಿಲ್ಲೆಯ ಬಿದಿರು ಹೇಗೆ ಬರಿದಾಯಿತೆಂಬುದನ್ನೂ ಗಾಡಗೀಳರು ಆಮೇಲೆ ಅಭ್ಯಾಸಮಾಡಿದರು. ದೇವರ ಭಯವಿದ್ದಲ್ಲಿ ಮರ ಉಳಿಯಿತು, ಲೆಕ್ಕಪತ್ರವಿದ್ದಲ್ಲಿ ಬಿದಿರು ಮುಗಿಯಿತು ಎಂದು ಯಾರಾದರೂ ಕೇಳಿದರೆ ಏನು ಹೇಳೋಣ?

ನಮಗೆ ತೋಚುವದು ಇಷ್ಟು. ಆ ಭಯವು ಬನವನ್ನು ಕಾದದ್ದು ನಿಜ; ಆದರೆ ತನ್ನನ್ನು ತಾನು ಕಾದುಕೊಳ್ಳಲಾರದೆ ಹೋಯಿತು. ಧೈರ್ಯಶಾಲಿಯೊಬ್ಬನು ಒಂದು ದಿನ ಒಂದು ಟೊಂಗೆಯನ್ನು ಕಡಿದನು. ಅವನ ಕೈ ಸೇದಿಹೋಗಲಿಲ್ಲ. ಮರುದಿನ ಹತ್ತು ಕೊಡಲಿಗಳು ಬಂದವು. ಪೆಟ್ಟಿನ ಭಯಕ್ಕೆ ಇದೊಂದು ಹುಟ್ಟುಕುರುಡು: ಪೆಟ್ಟು ಬೀಳದ ಮೊದಲ ದಿನವೇ ಅದರ ಕೊನೆಯ ದಿನವು. ಆ ಮುದುಕರು ತಮ್ಮ ಮಕ್ಕಳಿಗೆ ಬನದ ಭಯವನ್ನು ಕೊಟ್ಟರು. ಬನದ ಮಹಿಮೆಯನ್ನು, ಅದರ ನೆರಳಿನಿಂದ ಊರಿನ ಬಾವಿಯಲ್ಲಿ ನೀರಿರುವದನ್ನು, ತಿಳಿಸಿ ಹೇಳುವಷ್ಟು ಮಾತು ಅವರಲ್ಲಿ ಇರಲಿಲ್ಲ. ಮಹಿಮೆಯು ತಿಳಿದಿದ್ದರೆ ಕೊಡಲಿಯು ಹಗುರಾಗಿ ಏಳುತ್ತಿರಲಿಲ್ಲ.

ಶಿಕ್ಷಕ ಬಂಧುಗಳೇ, ಈ ಮಾತು ನಮ್ಮ ಮನೆಗೇ ಬಂದು ಮುಟ್ಟುವದು. 'ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುವನು' ಎಂದು ಹುಡುಗನಿಗೆ ಹೇಳುವದು ಬಹು ಸುಲಭವು, ಬೆತ್ತಕ್ಕಿಂತಲೂ ಅಗ್ಗವು. ಆದರೆ ಹುಡುಗನು ದಡ್ಡನಲ್ಲ. ಒಂದು ಸುಳ್ಳು ಹೇಳಿ ನೋಡುವನು. ಕಣ್ಣು ಇದ್ದಲ್ಲಿಯೇ ಇರುವದು. ಅಂದು ಅವನು ಎರಡು ಪಾಠಗಳನ್ನು ಕಲಿಯುವನು: ಸುಳ್ಳಿಗೆ ಶಿಕ್ಷೆಯಿಲ್ಲ ಎಂಬುದೊಂದು, ಮಾಸ್ತರರೂ ಸುಳ್ಳು ಹೇಳುವರು ಎಂಬುದೊಂದು. ದೇವರನ್ನು ಶಾಲೆಯ ಜಮಾದಾರನನ್ನಾಗಿ ಮಾಡಿ ನಿಲ್ಲಿಸಿದರೆ, ಜಮಾದಾರನು ತೂಕಡಿಸುವದನ್ನು ಹುಡುಗರು ಒಂದು ದಿನ ಕಂಡೇ ಕಾಣುವರು. ಕಾಣದೆ ಉಳಿದವರ ಗತಿಯು ಇನ್ನೂ ಕಷ್ಟದ್ದು. ದೆವ್ವ ಬಿಡಿಸುವವನು, ಮಾಟ ತೆಗೆಯುವವನು ಇವರ ಕೈಗೆ ಅವರು ಜನ್ಮವಿಡೀ ಸಿಕ್ಕಿಬೀಳುವರು. ವಾಮಾಚಾರವನ್ನೂ ಅಮಾನುಷ ಪದ್ಧತಿಗಳನ್ನೂ ತಡೆಯಲು ಕರ್ನಾಟಕವು ೨೦೧೭ರಲ್ಲಿ ಕಾಯದೆಯನ್ನು ಮಾಡಿತು. ೨೦೨೦ರಿಂದ ಅದು ಜಾರಿಯಲ್ಲಿದೆ. ಕಾಯದೆಯು ಭಯವನ್ನು ಮಾರುವವನನ್ನು ಹಿಡಿಯಬಹುದು. ಕೊಳ್ಳುವವನನ್ನು ತಯಾರಿಸುವದು ನಾಲ್ಕನೆಯ ಇಯತ್ತೆಯಲ್ಲಿ ನಾವೇ.

ಹಾಗಾದರೆ ಭಯದ ಮಾತನ್ನೇ ಎತ್ತಬಾರದೋ? ಎತ್ತಬೇಕು. ಹುಡುಗನನ್ನು ಒಂದು ರಾತ್ರಿ ಅಂಗಳಕ್ಕೆ ಕರೆದು ಆಕಾಶವನ್ನು ತೋರಿಸಿ, ಆ ಚಿಕ್ಕೆಗಳ ದೂರವನ್ನು ಹೇಳಿರಿ. ಸಿಂಥೇರಿಯ ಬಂಡೆಯ ಬುಡಕ್ಕೆ ಒಯ್ದು ನಿಲ್ಲಿಸಿರಿ. ಅವನ ಮೈಯಲ್ಲಿ ಒಂದು ನವಿರು ಏಳುವದು. ಅದೇ ಅರ್ಜುನನ ಭಯದ ಮೊಳಕೆಯು. ಸುಳ್ಳು ಹೇಳಿದ ಹುಡುಗನಿಗೆ, ನಿನ್ನನ್ನು ನಂಬಿದ ಗೆಳೆಯನ ಮುಖವನ್ನು ಈಗ ನೋಡು ಎಂದು ಹೇಳಿರಿ. ಅವನ ಕಣ್ಣು ತಾನಾಗಿಯೇ ಕೆಳಗೆ ಬೀಳುವದು. ಯಾವ ದೇವರೂ ಅದನ್ನು ಕೀಳಬೇಕಾಗಿಲ್ಲ.

ಕೊನೆಗೆ ಒಂದು ಕಥೆಯನ್ನು ನೆನಪಿಸಿ ಕುಳಿತುಕೊಳ್ಳುವೆವು. ಭಾಗವತದ ಪ್ರಹ್ಲಾದನ ಕಥೆಯಿದು. ನರಸಿಂಹನು ಕಂಬದಿಂದ ಹೊರಬಂದು ಹಿರಣ್ಯಕಶಿಪುವನ್ನು ಸೀಳಿ ಉಗ್ರನಾಗಿ ಕುಳಿತಾಗ ದೇವತೆಗಳು ದೂರ ನಿಂತರು. ಲಕ್ಷ್ಮಿಯೂ ಹತ್ತಿರ ಹೋಗಲಾರದಾದಳು. ಪುಟ್ಟ ಹುಡುಗನು ಮೆಲ್ಲನೆ ಹೋಗಿ ಕಾಲಿಗೆರಗಿದನು. ನಿನ್ನ ಈ ಕೋರೆದಾಡೆಗಳಿಗೆ ನನಗೆ ಭಯವಿ��್ಲ, ಜನರನ್ನು ಅರೆಯುವ ಸಂಸಾರದ ಗಾಣಕ್ಕೆ ಮಾತ್ರ ಅಂಜುವೆನು ಎಂದು ಅವನು ಹೇಳಿದನೆಂಬುದನ್ನು ತಾವು ಬಲ್ಲಿರಿ. ಈ ಕಥೆಯಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ. ಅವರಿಗೆ ದೊರೆತ ಪಾತ್ರವು ಅಷ್ಟು ಗೌರವದ್ದಲ್ಲ. ಶಂಡ, ಅಮರ್ಕ ಎಂಬ ಇಬ್ಬರು ಗುರುಗಳು ಪ್ರಹ್ಲಾದನಿಗೆ ಮತಿ ಬರಲೆಂದು ಬೆತ್ತವನ್ನು ತರಿಸಿದರು. ಅವರು ಮನೆಗೆಲಸಕ್ಕೆ ಹೋದ ಹೊತ್ತು ನೋಡಿ ಹುಡುಗನು ಜೊತೆಯವರನ್ನು ಕೂಡಿಸಿಕೊಂಡು ತಾನೇ ಪಾಠ ಹೇಳಿದನು. ಹುಡುಗರೆಲ್ಲ ಅವನ ಪಾಠವನ್ನೇ ಹಿಡಿದರು. ಗುರುವು ಮರಳಿ ಬಂದು ಅದನ್ನು ಕಂಡು, ಭಯಗೊಂಡು, ಅರಸನಿಗೆ ಚಾಡಿ ಹೇಳಲು ಓಡಿದನು.